ನಂದಿ ಬೆಟ್ಟದಲ್ಲಿ ಕಲಿತು ಆಲ್ಪ್ಸ್ ಅಳೆಯಿರಿ: ಸೈಕಲ್ ಸವಾರರ ಏರುಶಕ್ತಿಯನ್ನು ಲೆಕ್ಕ ಹಾಕುವ ಬಗೆ

ಟೂರ್ ದ ಫ್ರಾನ್ಸ್‌ನ ಬೆಟ್ಟದ ಹಂತಗಳು ನಮ್ಮ ಗಡಿಯಾರದಲ್ಲಿ ರಾತ್ರಿ ಎಂಟೂವರೆ, ಒಂಬತ್ತರ ಸುಮಾರಿಗೆ ಮುಗಿಯುತ್ತವೆ. ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಮೊಬೈಲ್ ತುಂಬ ಅಂಕಿಗಳು: ಗೆದ್ದವನು ಮೈತೂಕದ ಪ್ರತಿ ಕೆ.ಜಿ.ಗೆ 6.8 ವ್ಯಾಟ್ ಶಕ್ತಿ ಹಾಕಿದನಂತೆ, ಎರಡನೆಯವನು 6.6 ಅಂತೆ. ಈ ಅಂಕಿಗಳು ಬಹುಪಾಲು ಸವಾರನ ಸೈಕಲ್‌ಗೆ ಕೂಡಿಸಿದ, ಪೆಡಲ್ ತುಳಿತದ ಶಕ್ತಿಯನ್ನು ಅಳೆಯುವ ಪವರ್ ಮೀಟರ್‌ನಿಂದ ಬಂದವಲ್ಲ. ಪ್ರಶಸ್ತಿಗೆ ಸೆಣಸುವ ಸವಾರರ ದಾಖಲೆಯನ್ನು ತಂಡಗಳು ಸಾಮಾನ್ಯವಾಗಿ ಗುಟ್ಟಾಗಿಯೇ ಇಡುತ್ತವೆ. ದೂರ, ಎತ್ತರ, ಸಮಯ ಎಂಬ ಮೂರು ಅಳತೆಗಳನ್ನು ಹಿಡಿದು ಹೊರಗಿನವರು ಹಾಕಿದ ಅಂದಾಜು ಅದು. ಹೈಸ್ಕೂಲಿನ ಭೌತವಿಜ್ಞಾನ ನೆನಪಿದ್ದರೆ ನೀವೂ ಹಾಕಬಹುದು.

ಅಂದಾಜು ಹಾಕುವುದು ಸುಲಭ. ಹಾಕಿದ ಅಂದಾಜು ಎಷ್ಟು ಆಚೀಚೆ ಆಗಬಹುದು ಎಂದು ತಿಳಿಯುವುದು ಕಷ್ಟ, ಮತ್ತು ಬೆಲೆ ಇರುವುದು ಆ ತಿಳಿವಳಿಕೆಗೆ. ಟಿವಿ ಮುಂದೆ ಕುಳಿತು ಅದನ್ನು ಕಲಿಯಲಾಗದು. ತೂಕ ಗೊತ್ತಿರುವ ಸವಾರ ಬೇಕು, ಅಳೆದ ರಸ್ತೆ ಬೇಕು, ಅವತ್ತು ಗಾಳಿ ಯಾವ ಕಡೆಯಿಂದ ಬೀಸಿತು ಎಂಬ ನೆನಪು ಬೇಕು. ಈ ವಿಷಯದಲ್ಲಿ ಚಿಕ್ಕಬಳ್ಳಾಪುರದವರು ಪುಣ್ಯವಂತರು. 1478 ಮೀಟರ್ ಎತ್ತರದ ನಂದಿ ಬೆಟ್ಟ ನಮ್ಮ ಮನೆ ಬಾಗಿಲಲ್ಲೇ ಇದೆ; ಬುಡದಿಂದ ತುದಿಯವರೆಗೆ ಡಾಂಬರು ರಸ್ತೆಯಿದೆ; ನಡುವೆ ಹೇಳಿಕೊಳ್ಳುವಂಥ ಇಳಿತವಿಲ್ಲ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಏರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆದ್ದರಿಂದ ಈ ಲೇಖನದ ಮೊದಲರ್ಧ ನಂದಿಯ ಮೇಲೆ, ಆಮೇಲೆ ಪಿರೆನೀಸ್ ಮತ್ತು ಆಲ್ಪ್ಸ್.

ಮೊದಲ ಹೆಜ್ಜೆ: ಎಲ್ಲಿಂದ ಎಲ್ಲಿಗೆ

ಏರಿನ ಆರಂಭ ಮತ್ತು ಕೊನೆಯನ್ನು ಕಣ್ಣಿಗೆ ಕಾಣುವ ಗುರುತುಗಳಿಂದ ಗೊತ್ತುಮಾಡಿ. ಬುಡದ ಚೆಕ್‌ಪೋಸ್ಟ್, ಒಂದು ಮೋರಿ, ಮೈಲಿಗಲ್ಲು, ಮೇಲಿನ ಪ್ರವೇಶದ್ವಾರ, ಹೀಗೆ ಯಾವುದಾದರೂ ಸರಿ. ಜರುಗದ ವಸ್ತುವಾಗಿರಬೇಕು, ಅಷ್ಟೇ. ‘ಬೆಟ್ಟ ಶುರುವಾಗುವ ಜಾಗ’ ಎಂಬುದು ಗುರುತಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಕಡೆಯಿಂದ ಬರುವವನಿಗೂ ಬೆಂಗಳೂರಿನಿಂದ ಬರುವವನಿಗೂ ಅದು ಬೇರೆ ಬೇರೆ ಕಡೆ ಶುರುವಾಗುತ್ತದೆ.

ಚಪ್ಪಟೆ ರಸ್ತೆಯ ತುಂಡನ್ನು ಒಳಗೆ ಸೇರಿಸಬೇಡಿ. ಚಪ್ಪಟೆಯಲ್ಲಿ ಶಕ್ತಿಯೆಲ್ಲ ಗಾಳಿಗೆ ಹೋಗುತ್ತದೆ, ಗಾಳಿಯೋ ನಮ್ಮ ಲೆಕ್ಕದ ಅತಿ ದುರ್ಬಲ ಕೊಂಡಿ. ನಡುವೆ ಇಳಿತವಿರುವ ಏರನ್ನು ತುಂಡು ತುಂಡಾಗಿ ಲೆಕ್ಕ ಹಾಕಬೇಕು. ಸರಾಸರಿ ಶೇ 6, ಅಂದರೆ ನೂರು ಮೀಟರ್ ದೂರಕ್ಕೆ ಆರು ಮೀಟರ್ ಏರು, ಎಂದು ಫಲಕ ಹೇಳಿದರೂ ಅದು ಶೇ 10 ಮತ್ತು ಶೇ 2ರ ಬೆರಕೆಯಾಗಿರಬಹುದು. ಹಾಗಿದ್ದಾಗ ಇಡೀ ಏರಿಗೆ ಒಂದೇ ಸರಾಸರಿ ಹಾಕಿದರೆ ಗಾಳಿಯ ಪಾಲು ಕಡಿಮೆ ಲೆಕ್ಕವಾಗುತ್ತದೆ.

ಎರಡನೆಯ ಹೆಜ್ಜೆ: ಎತ್ತರ

ಹೆಚ್ಚಿನವರು ಎಡವುವುದು ಇಲ್ಲಿ. ಏರಿನಲ್ಲಿ ಖರ್ಚಾಗುವ ಶಕ್ತಿಯ ಹತ್ತರಲ್ಲಿ ಎಂಟು ಪಾಲು ಭಾರವನ್ನು ಮೇಲಕ್ಕೆತ್ತಲು ಹೋಗುತ್ತದೆ. ಹಾಗಾಗಿ ಎತ್ತರದಲ್ಲಿ ತಪ್ಪಿದರೆ ಉತ್ತರವೂ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ.

ಮೊಬೈಲ್‌ನ ಜಿಪಿಎಸ್ ಹೇಳುವ ಎತ್ತರವನ್ನು ನಂಬಬೇಡಿ. ಜಿಪಿಎಸ್ ನಿಂತ ಜಾಗವನ್ನು ಚೆನ್ನಾಗಿ ಹೇಳುತ್ತದೆ, ಎತ್ತರವನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಇಂಟರ್‌ನೆಟ್ ನಕ್ಷೆಗಳು ಕೊಡುವ ಎತ್ತರ ಬಹುಪಾಲು ಉಪಗ್ರಹ ಅಳತೆಯಿಂದ ಬಂದದ್ದು. ಅದರಲ್ಲಿ ನೆಲವನ್ನು ಸುಮಾರು 30 ಮೀಟರ್ ಚೌಕಗಳಾಗಿ ಕತ್ತರಿಸಿ ಚೌಕಕ್ಕೊಂದು ಎತ್ತರ ಕೊಟ್ಟಿರುತ್ತಾರೆ. ಬಯಲಿನಲ್ಲಿ ಇದರಿಂದ ತೊಂದರೆಯಿಲ್ಲ. ನಂದಿಯಂಥ ಬಂಡೆಯ ಪಕ್ಕೆಯಲ್ಲಿ ಹಾವಿನಂತೆ ಸುತ್ತುವ ರಸ್ತೆಯಲ್ಲಿ, ಒಂದೇ ಚೌಕದೊಳಗೆ ರಸ್ತೆಯೂ ಇರುತ್ತದೆ, ಅದರ ಮೇಲಿನ ಬಂಡೆಯೂ ಕೆಳಗಿನ ಕಣಿವೆಯೂ ಇರುತ್ತವೆ. ಪರಿಣಾಮವಾಗಿ ಗರಗಸದ ಹಲ್ಲಿನಂಥ ನಕ್ಷೆ ಬರುತ್ತದೆ. ಆ ಸುಳ್ಳು ಏರಿಳಿತಗಳನ್ನೆಲ್ಲ ಕೂಡಿಸಿ ‘ಒಟ್ಟು ಏರಿಕೆ’ ಎಂದು ಆ್ಯಪ್ ತೋರಿಸುತ್ತದೆ. ಆ ಮೊತ್ತವನ್ನು ಬಿಟ್ಟುಬಿಡಿ. ರಸ್ತೆಯಲ್ಲಿ ಇಳಿತ ಇಲ್ಲದಿದ್ದಾಗ ನಿಮಗೆ ಬೇಕಾದದ್ದು ಒಂದೇ: ಕೊನೆಯ ಗುರುತಿನ ಎತ್ತರದಲ್ಲಿ ಮೊದಲ ಗುರುತಿನ ಎತ್ತರವನ್ನು ಕಳೆದು ಬಂದದ್ದು.

ಇದಕ್ಕೆ ಒಳ್ಳೆಯ ಸಾಧನ ವಾಯುಭಾರಮಾಪಕ ಇರುವ ಸೈಕಲ್ ಕಂಪ್ಯೂಟರ್ ಅಥವಾ ಕೈಗಡಿಯಾರ. ನಂದಿಯ ಎತ್ತರದಲ್ಲಿ ಗಾಳಿಯ ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿಯಿತೆಂದರೆ ನೀವು ಸುಮಾರು 9 ಮೀಟರ್ ಮೇಲೇರಿದ್ದೀರಿ ಎಂದರ್ಥ. ಸೂಕ್ಷ್ಮ ಸಾಧನ, ಆದರೆ ಒಂದು ತೊಡಕಿದೆ. ನಮ್ಮ ಉಷ್ಣವಲಯದಲ್ಲಿ ಗಾಳಿಯ ಒತ್ತಡವೇ ದಿನಕ್ಕೆರಡು ಬಾರಿ ಏರಿಳಿಯುತ್ತದೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ತಗ್ಗಿರುತ್ತದೆ, ಹತ್ತರ ಸುಮಾರಿಗೆ ಏರಿರುತ್ತದೆ, ಸಂಜೆ ನಾಲ್ಕಕ್ಕೆ ಮತ್ತೆ ತಗ್ಗುತ್ತದೆ. ಸವಾರರು ಬೆಟ್ಟ ಹತ್ತುವುದೇ ಬೆಳಗಿನ ಆರರಿಂದ ಎಂಟರ ನಡುವೆ, ಅಂದರೆ ಒತ್ತಡ ಮೇಲಕ್ಕೆ ಹೋಗುತ್ತಿರುವ ಹೊತ್ತಿನಲ್ಲಿ. ಒತ್ತಡ ಹೆಚ್ಚಿದರೆ ಮಾಪಕ ನೀವು ಕೆಳಗಿದ್ದೀರಿ ಎಂದುಕೊಳ್ಳುತ್ತದೆ. ಏರಿದ ಎತ್ತರ ಕೆಲವು ಮೀಟರ್ ಕಡಿಮೆ ಕಾಣುತ್ತದೆ.

ಪರಿಹಾರ ಸುಲಭ. ಬುಡದ ಗುರುತಿನಲ್ಲಿ ನಿಂತು ಎತ್ತರ ಬರೆದುಕೊಳ್ಳಿ. ಹತ್ತಿ, ಮೇಲಿನ ಗುರುತಿನಲ್ಲಿ ಬರೆದುಕೊಳ್ಳಿ. ತಡಮಾಡದೆ ಇಳಿದು ಅದೇ ಬುಡದ ಗುರುತಿನಲ್ಲಿ ಮತ್ತೊಮ್ಮೆ ನೋಡಿ. ಬುಡದ ಎರಡು ಅಂಕಿಗಳ ನಡುವಣ ವ್ಯತ್ಯಾಸವೇ ಅಷ್ಟು ಹೊತ್ತಿನಲ್ಲಿ ಒತ್ತಡ ಜರುಗಿಸಿದ ಪಾಲು. ಹತ್ತಲು ಹಿಡಿದ ಸಮಯಕ್ಕೆ ತಕ್ಕಷ್ಟನ್ನು ಹಂಚಿ ತಿದ್ದಿಕೊಳ್ಳಿ. ಬೇರೆ ಬೇರೆ ದಿನ ಹೀಗೆ ಮಾಡಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆ ಸಿಕ್ಕರೆ ಅದರ ಸಮೋನ್ನತ ರೇಖೆಗಳೊಂದಿಗೆ ತಾಳೆ ನೋಡಿ. ಆ ರೇಖೆಗಳ ಅಂತರ 20 ಮೀಟರ್. ಸೂಕ್ಷ್ಮ ಅಳತೆಗೆ ಸಾಲದು, ದೊಡ್ಡ ತಪ್ಪು ನುಸುಳಿದ್ದರೆ ಹಿಡಿದುಕೊಡುತ್ತದೆ.

ಮೂರನೆಯದು: ದೂರ, ಸಮಯ, ತೂಕ

ದೂರಕ್ಕೆ ಚಕ್ರದ ಸೆನ್ಸರ್ ಇದ್ದರೆ ಉತ್ತಮ. 25 ಮಿ.ಮೀ. ಟೈರಿನ ರೋಡ್ ಸೈಕಲ್ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಉರುಳುತ್ತದೆ. ನಿಮ್ಮ ಚಕ್ರದ ಸುತ್ತಳತೆಯನ್ನು ಟೇಪಿನಿಂದ ಅಳೆದು ಹಾಕಿ. ಸಮಯಕ್ಕೆ ಕೈಗಡಿಯಾರ ಸಾಕು. ತೂಕ ನೋಡುವಾಗ ಮೈತೂಕ ಮಾತ್ರ ನೋಡಿ ಬಿಡಬೇಡಿ: ಸೈಕಲ್, ಬೂಟು, ಹೆಲ್ಮೆಟ್, ಬಟ್ಟೆ, ನೀರಿನ ಬಾಟಲಿ ಎಲ್ಲ ಸೇರಬೇಕು. ಬಾಟಲಿಯಲ್ಲಿ ತುಂಬಿದ ಮುಕ್ಕಾಲು ಲೀಟರ್ ನೀರೂ ಮುಕ್ಕಾಲು ಕೆ.ಜಿ.ಯೇ.

ಹತ್ತುವಾಗ ಮೊಬೈಲ್ ನೋಡುತ್ತಾ ಹೋಗಬೇಡಿ. ಶನಿವಾರ, ಭಾನುವಾರ ಸೂರ್ಯೋದಯ ನೋಡಲು ಬರುವ ಕಾರು, ಬೈಕುಗಳ ಸಾಲು ಆ ತಿರುವುಗಳಲ್ಲಿ ಅಪಾಯಕಾರಿ. ವಾಹನದ ಹಿಂದೆ ಸಿಕ್ಕಿಕೊಂಡರೆ ಲೆಕ್ಕವೂ ಕೆಡುತ್ತದೆ. ವಾರದ ನಡುವಿನ ದಿನ ಹೋಗಿ.

ನಾಲ್ಕನೆಯ ಹೆಜ್ಜೆ: ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀವು ಗೊತ್ತುಮಾಡಿದ ತುಂಡು 7 ಕಿ.ಮೀ. ಉದ್ದ, ಎತ್ತರದ ವ್ಯತ್ಯಾಸ 400 ಮೀಟರ್ ಎಂದಿಟ್ಟುಕೊಳ್ಳಿ. ಹಾಗಾದರೆ ಸರಾಸರಿ ಶೇ 5.7ರ ಏರು. ಸವಾರನ ತೂಕ 62 ಕೆ.ಜಿ., ಉಳಿದದ್ದೆಲ್ಲ ಸೇರಿ 10, ಒಟ್ಟು 72 ಕೆ.ಜಿ. ಹಿಡಿದ ಸಮಯ 25 ನಿಮಿಷ, ಅಂದರೆ 1500 ಸೆಕೆಂಡ್. ವೇಗ ಸೆಕೆಂಡಿಗೆ 4.67 ಮೀಟರ್, ಗಂಟೆಗೆ 16.8 ಕಿ.ಮೀ. ನಿಮ್ಮ ಅಳತೆಗಳು ಬಂದ ಮೇಲೆ ಈ ಅಂಕಿಗಳ ಜಾಗದಲ್ಲಿ ಅವನ್ನು ಹಾಕಿಕೊಳ್ಳಿ.

ಮೊದಲು ಭಾರ ಎತ್ತುವ ಪಾಲು. ಒಟ್ಟು ತೂಕ × 9.81 × ಎತ್ತರ ÷ ಸೆಕೆಂಡುಗಳು. 72 × 9.81 × 400 ÷ 1500 = 188 ವ್ಯಾಟ್.

ಎರಡನೆಯದು ಟೈರು ರಸ್ತೆಯ ಮೇಲೆ ಉರುಳುವಾಗಿನ ಘರ್ಷಣೆ. ಒಟ್ಟು ತೂಕ × 9.81 × ಘರ್ಷಣೆಯ ಗುಣಾಂಕ × ವೇಗ. ಒಳ್ಳೆಯ ಟೈರಿಗೆ, ಸಾಧಾರಣ ಡಾಂಬರಿಗೆ ಗುಣಾಂಕವನ್ನು 0.005 ಎಂದು ಹಿಡಿಯಬಹುದು. ವೃತ್ತಿಪರರ ಟೈರು, ಹೊಸದಾಗಿ ಹಾಸಿದ ರಸ್ತೆ ಎಂದರೆ 0.004. ಇಲ್ಲಿ ಬರುವುದು 16.5 ವ್ಯಾಟ್.

ಮೂರನೆಯದು ಗಾಳಿ. 0.5 × ಗಾಳಿಯ ಸಾಂದ್ರತೆ × ಗಾಳಿಗೆ ಒಡ್ಡಿದ ಅಳತೆ × ವೇಗ × ವೇಗ × ವೇಗ. ಸಮುದ್ರಮಟ್ಟದಲ್ಲಿ ಸಾಂದ್ರತೆ ಘನ ಮೀಟರಿಗೆ 1.2 ಕೆ.ಜಿ.ಯಷ್ಟು; 1200 ಮೀಟರ್ ಎತ್ತರದಲ್ಲಿ, ನಂದಿಯ ಬೆಳಗಿನ ತಂಪಿನಲ್ಲಿ, 1.05 ಸಾಕು. ಗಾಳಿಗೆ ಒಡ್ಡಿದ ಅಳತೆ ಎಂದರೆ ಸವಾರನ ಮುಂಭಾಗದ ವಿಸ್ತೀರ್ಣವನ್ನು ಅವನ ಆಕಾರದ ತಡೆಯಿಂದ ಗುಣಿಸಿದ್ದು. ಬ್ರೇಕ್ ಹಿಡಿಗಳ ಮೇಲೆ ಕೈಯಿಟ್ಟು ಹತ್ತುವವನಿಗೆ 0.35 ಚದರ ಮೀಟರ್, ಬಾಗಿ ಹತ್ತುವ ಸಣ್ಣ ಮೈಕಟ್ಟಿನ ವೃತ್ತಿಪರನಿಗೆ 0.30ರಿಂದ 0.32. ನಮ್ಮ ಸವಾರನಿಗೆ ಬರುವುದು 19 ವ್ಯಾಟ್.

ಕೂಡಿದರೆ 224 ವ್ಯಾಟ್. ಇದು ಹಿಂದಿನ ಚಕ್ರ ಮಾಡಿದ ಕೆಲಸ. ಪೆಡಲ್‌ನಿಂದ ಚಕ್ರಕ್ಕೆ ಬರುವಾಗ ಚೈನು, ಗಿಯರುಗಳಲ್ಲಿ ಶೇ 3ರಷ್ಟು ಸೋರಿಹೋಗುತ್ತದೆ. ಆದ್ದರಿಂದ 0.97ರಿಂದ ಭಾಗಿಸಿ: 230 ವ್ಯಾಟ್. 62 ಕೆ.ಜಿ.ಯಿಂದ ಭಾಗಿಸಿದರೆ ಕೆ.ಜಿ.ಗೆ 3.7 ವ್ಯಾಟ್. ಇಲ್ಲಿ ಭಾಗಿಸಬೇಕಾದದ್ದು ಮೈತೂಕದಿಂದ, ಒಟ್ಟು ತೂಕದಿಂದ ಅಲ್ಲ.

ಈಗ ಬೇಕೆಂದೇ ಒಂದೊಂದು ಅಂಕಿಯನ್ನು ಕೆಡಿಸಿ ನೋಡಿ. ಈ ಹೆಜ್ಜೆಯನ್ನು ದಾಟಿ ಹೋಗಬೇಡಿ, ನನ್ನ ಮಟ್ಟಿಗೆ ಇಡೀ ವಿದ್ಯೆಯ ತಿರುಳು ಇದೇ. ಗಡಿಯಾರದಲ್ಲಿ 10 ಸೆಕೆಂಡ್ ತಪ್ಪಿದರೆ ಉತ್ತರ 0.03ರಷ್ಟು ಮಾತ್ರ ಅಲುಗುತ್ತದೆ. ಎತ್ತರದಲ್ಲಿ 10 ಮೀಟರ್ ತಪ್ಪಿದರೆ 0.08. ಇನ್ನು ತೂಕ: ಸವಾರ 62 ಅಲ್ಲ, 65 ಕೆ.ಜಿ. ಎಂದು ಹಾಕಿ ನೋಡಿ. ಒಟ್ಟು ವ್ಯಾಟ್ 230ರಿಂದ 239ಕ್ಕೆ ಜಿಗಿಯುತ್ತದೆ, ಆದರೆ ಕೆ.ಜಿ.ಗೆ ವ್ಯಾಟ್ 3.72ರಿಂದ 3.68ಕ್ಕೆ ಇಳಿಯುತ್ತದೆ, ಅಷ್ಟೇ. ತೂಕ ಹೆಚ್ಚಾದಂತೆ ಎತ್ತುವ ಕೆಲಸವೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಭಾಗಿಸುವಾಗ ಎರಡೂ ಹೊಡೆದುಹೋಗುತ್ತವೆ. ವೃತ್ತಿಪರ ಸವಾರರ ನಿಜವಾದ ತೂಕ ನಮಗೆ ತಿಳಿಯುವುದಿಲ್ಲ, ತಂಡದ ಪಟ್ಟಿಯಲ್ಲಿರುವ ತೂಕ ಹಳೆಯದಿರಬಹುದು. ಆದರೂ ಅವರ ಏರುಶಕ್ತಿಯನ್ನು ಅಂದಾಜು ಮಾಡಲು ಸಾಧ್ಯವಾಗಿರುವುದು ಇದೇ ಕಾರಣಕ್ಕೆ. ಒಟ್ಟು ವ್ಯಾಟ್ ಹೇಳುವವರ ಮಾತಿಗಿಂತ ಕೆ.ಜಿ.ಗೆ ವ್ಯಾಟ್ ಹೇಳುವವರ ಮಾತಿಗೆ ಹೆಚ್ಚು ಬೆಲೆ ಕೊಡಿ.

ಐದನೆಯದು: ಆಷಾಢದ ಗಾಳಿ

ಟೂರ್ ನಡೆಯುವ ಜುಲೈ ನಮಗೆ ಬಹುಪಾಲು ಆಷಾಢ. ಆಷಾಢದಲ್ಲಿ ಬಯಲುಸೀಮೆಯ ಗಾಳಿ ಹೇಗಿರುತ್ತದೆ ಎಂದು ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಉದಾಹರಣೆಯಲ್ಲಿ ಸೆಕೆಂಡಿಗೆ 2 ಮೀಟರ್, ಅಂದರೆ ಗಂಟೆಗೆ ಬರೀ 7 ಕಿ.ಮೀ. ವೇಗದ ಎದುರುಗಾಳಿ ಇತ್ತು ಎಂದುಕೊಳ್ಳಿ. ಎಲೆ ಅಲುಗಾಡುವಷ್ಟು ಗಾಳಿ ಅದು. ಆಷಾಢದ ಅಬ್ಬರದ ಮುಂದೆ ಲೆಕ್ಕಕ್ಕೇ ಇಲ್ಲ. ಗಾಳಿಯ ಪಾಲು 19ರಿಂದ 38 ವ್ಯಾಟ್‌ಗೆ ದ್ವಿಗುಣವಾಗುತ್ತದೆ. ಅದೇ 25 ನಿಮಿಷಕ್ಕೆ ಈಗ ಕೆ.ಜಿ.ಗೆ 4.0 ವ್ಯಾಟ್ ಬೇಕು. ಅಷ್ಟೇ ವೇಗದ ಗಾಳಿ ಬೆನ್ನ ಹಿಂದಿನಿಂದ ಬಂದರೆ 3.5 ಸಾಕು. ಎಲೆ ಅಲುಗಾಡಿಸುವ ಗಾಳಿಯೊಂದೇ 3.5ಕ್ಕೂ 4.0ಕ್ಕೂ ನಡುವೆ ಉತ್ತರವನ್ನು ಎಳೆದಾಡುತ್ತದೆ. ಸಮಯ, ಎತ್ತರ, ತೂಕದ ತಪ್ಪುಗಳು ಒಟ್ಟಾದರೂ ಇಷ್ಟು ಕೆಡಿಸಲಾರವು.

ತಿರುವುಗಳಿರುವ ರಸ್ತೆಯಲ್ಲಿ ಒಮ್ಮೆ ಎದುರುಗಾಳಿ, ಒಮ್ಮೆ ಹಿಂಗಾಳಿ ಬಂದು ಸರಿಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ಪೂರ್ತಿ ಸರಿಹೋಗುವುದಿಲ್ಲ. ಮೇಲಿನ ಲೆಕ್ಕದಲ್ಲೇ ನೋಡಿ: ಎದುರುಗಾಳಿ 19 ವ್ಯಾಟ್ ಕಿತ್ತುಕೊಂಡಿತು, ಹಿಂಗಾಳಿ ಮರಳಿಸಿದ್ದು 13 ವ್ಯಾಟ್ ಮಾತ್ರ. ಎದುರುಗಾಳಿಯ ಹೊಡೆತ ಯಾವಾಗಲೂ ಹೆಚ್ಚು. ಅದೂ ಅಲ್ಲದೆ ಬೆಟ್ಟದ ಒಂದು ಪಕ್ಕೆ ಗಾಳಿಗೆ ಒಡ್ಡಿಕೊಂಡಿರುತ್ತದೆ, ಇನ್ನೊಂದು ಮರೆಯಲ್ಲಿರುತ್ತದೆ. ಆದ್ದರಿಂದ ನಂದಿಯಲ್ಲಿ ಅಭ್ಯಾಸದ ಅಳತೆಗೆ ಗಾಳಿ ಸತ್ತಿರುವ ಬೆಳಗನ್ನು ಹುಡುಕಿ. ಮಂಜು ಮುಸುಕಿ ಕದಲದೆ ನಿಂತಿದ್ದರೆ ಗಾಳಿಯಿಲ್ಲವೆಂದೇ ಅರ್ಥ. ಮಂಜಿನ ದಿನ ದೀಪ ಹಾಕಿಕೊಳ್ಳುವುದನ್ನು ಮರೆಯಬೇಡಿ.

ಆರನೆಯದು: ಒಂದೇ ಸಾಲಿನ ಸೂತ್ರ

ಟಿವಿ ನೋಡುತ್ತಾ ಇಷ್ಟೆಲ್ಲ ಲೆಕ್ಕ ಹಾಕುತ್ತಾ ಕೂರಲಾಗದು. ಅದಕ್ಕೊಂದು ಅಡ್ಡದಾರಿ ಇದೆ. ಗಂಟೆಗೆ ಎಷ್ಟು ಮೀಟರ್ ಎತ್ತರ ಏರಿದ ಎಂಬುದನ್ನು ವಿಎಎಂ ಎನ್ನುತ್ತಾರೆ. ಇದನ್ನು ಬಳಕೆಗೆ ತಂದವನು ಇಟಲಿಯ ವೈದ್ಯ ಮಿಕೆಲೆ ಫೆರಾರಿ. ಉದ್ದೀಪನ ಮದ್ದಿನ ಪ್ರಕರಣದಲ್ಲಿ 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯಿಂದ ಆಜೀವ ನಿಷೇಧಕ್ಕೆ ಒಳಗಾದವನು. ಮನುಷ್ಯನ ಬಗ್ಗೆ ನನಗೆ ಗೌರವವಿಲ್ಲ, ಸೂತ್ರ ಮಾತ್ರ ಕೆಲಸಕ್ಕೆ ಬರುತ್ತದೆ. ಏರಿನ ಶೇಕಡಾವಾರನ್ನು 10ರಿಂದ ಗುಣಿಸಿ, 200 ಕೂಡಿಸಿ, ಬಂದದ್ದರಿಂದ ವಿಎಎಂ ಅನ್ನು ಭಾಗಿಸಿದರೆ ಕೆ.ಜಿ.ಗೆ ವ್ಯಾಟ್ ಸಿಗುತ್ತದೆ.

ನಮ್ಮ ಉದಾಹರಣೆ: 25 ನಿಮಿಷಕ್ಕೆ 400 ಮೀಟರ್ ಎಂದರೆ ಗಂಟೆಗೆ 960. ಏರು ಶೇ 5.7, ಆದ್ದರಿಂದ ಭಾಜಕ 257. ಉತ್ತರ 3.7. ದೊಡ್ಡ ಲೆಕ್ಕದೊಂದಿಗೆ ಅಚ್ಚುಕಟ್ಟಾಗಿ ಹೊಂದಿಕೊಂಡಿತು. ಯಾವಾಗಲೂ ಹೀಗೆ ಹೊಂದುವುದಿಲ್ಲ. ಶೇ 6ಕ್ಕಿಂತ ಕಡಿಮೆ ಏರಿನಲ್ಲಿ ಗುಂಪಿನೊಳಗೆ ಅವಿತು ಬರುವವನಿಗೆ ಈ ಸೂತ್ರ ಹೆಚ್ಚು ಕೊಡುತ್ತದೆ, ಒಂಟಿಯಾಗಿ ಅತಿ ವೇಗದಲ್ಲಿ ಹೋಗುವವನಿಗೆ ಕಡಿಮೆ ಕೊಡುತ್ತದೆ. ಶೇ 7ರಿಂದ 10ರ ಉದ್ದನೆಯ ಏರುಗಳಿಗೆ ಬಳಸಿ.

ಏಳನೆಯ ಹೆಜ್ಜೆ: ಟಿವಿಯಿಂದ ಸಮಯ ಹಿಡಿಯುವುದು

ಪ್ರತಿ ಹಂತದ ಕೊನೆಯ ಏರಿನ ಉದ್ದ, ಸರಾಸರಿ ಏರು ಎರಡನ್ನೂ ಸಂಘಟಕರೇ ಮುಂಚಿತವಾಗಿ ಪ್ರಕಟಿಸುತ್ತಾರೆ. ಏರು ಶುರುವಾಗುವ ಜಾಗವನ್ನು ರೇಸಿಗೆ ಮುಂಚೆಯೇ ರಸ್ತೆಯ ಫೋಟೊಗಳಲ್ಲಿ ನೋಡಿ ಗುರುತಿಟ್ಟುಕೊಳ್ಳಿ: ಸೇತುವೆ, ವೃತ್ತ, ಊರಿನ ಫಲಕ. ಸವಾರ ಅದನ್ನು ದಾಟಿದಾಗ ಗಡಿಯಾರ ಒತ್ತಿ. ಪರದೆಯಲ್ಲಿ ‘ಇನ್ನು ಇಷ್ಟು ಕಿ.ಮೀ.’ ಎಂದು ಓಡುವ ಅಂಕಿಗಿಂತ ರಸ್ತೆಯ ಮೇಲಿನ ಕಮಾನನ್ನು ನಂಬಿ, ಕೊನೆಯ ಕಿ.ಮೀ.ಗೆ ಕೆಂಪು ಬಾವುಟದ ಗುರುತು ಇದ್ದೇ ಇರುತ್ತದೆ. ಬೈಕಿನಿಂದ ಬೈಕಿಗೆ, ಹೆಲಿಕಾಪ್ಟರಿಗೆ ಕ್ಯಾಮೆರಾ ಬದಲಾಗುವಾಗ ಗುರುತು ತಪ್ಪಿಹೋಗುವುದುಂಟು. ಆಗ ಅದರ ಮುಂದಿನ ಗುರುತಿನಿಂದ ಶುರುಮಾಡಿ, ಆ ತುಂಡಿನ ಉದ್ದ, ಎತ್ತರವನ್ನು ಬೇರೆಯಾಗಿ ಲೆಕ್ಕ ಹಾಕಿ. ಊಹೆಯಿಂದ ತುಂಬಬೇಡಿ.

ಗುರುತು ಜರುಗಿದರೆ ಏನಾಗುತ್ತದೆ ಎಂಬುದಕ್ಕೆ ಆಲ್ಪ್ಸ್‌ನ ಹೆಸರಾಂತ ಏರು ಆಲ್ಪ್ ದ್ಯುಯೆಝ್ ಸಾಕ್ಷಿ. 13.8 ಕಿ.ಮೀ., ಸರಾಸರಿ ಶೇ 8.1, ಕೆಳಗಿನಿಂದ ಮೇಲಕ್ಕೆ 21ರಿಂದ 1ರವರೆಗೆ ಸಂಖ್ಯೆ ಹಾಕಿದ ತಿರುವುಗಳು. 1997ರಲ್ಲಿ ಇಟಲಿಯ ಸವಾರ ಮಾರ್ಕೊ ಪಂತಾನಿ ಇದನ್ನು ಏರಿದ ಸಮಯ ಕೆಲವು ದಾಖಲೆಗಳಲ್ಲಿ 37 ನಿಮಿಷ 35 ಸೆಕೆಂಡ್, ಇನ್ನು ಕೆಲವದರಲ್ಲಿ 37ಕ್ಕಿಂತ ಕಡಿಮೆ. ಗಡಿಯಾರ ಒತ್ತಿದ ಜಾಗ ಬೇರೆ ಬೇರೆಯಾಗಿದ್ದದ್ದು ಇದಕ್ಕೆ ಕಾರಣ; ಏರಿಗೂ ಮೊದಲು ಬರುವ ಅರ್ಧ, ಮುಕ್ಕಾಲು ಕಿ.ಮೀ. ಚಪ್ಪಟೆ ರಸ್ತೆಯನ್ನು ಕೆಲವರು ಸೇರಿಸಿದರು, ಕೆಲವರು ಬಿಟ್ಟರು. 13.8 ಕಿ.ಮೀ.ಗೆ 37:35 ಎಂದು ಹಾಕಿದರೆ ಸೂತ್ರ 6.35 ಕೊಡುತ್ತದೆ, ಮುಕ್ಕಾಲು ನಿಮಿಷ ಕಡಿಮೆ ಹಾಕಿದರೆ 6.48. ಸಮಯ ಒಬ್ಬರ ದಾಖಲೆಯಿಂದ, ದೂರ ಇನ್ನೊಬ್ಬರಿಂದ ತೆಗೆದುಕೊಳ್ಳಲೇಬಾರದು.

ಈಗ ಒಂದು ಪೂರ್ತಿ ಲೆಕ್ಕ. 2024ರ ಜುಲೈ 14, ಪಿರೆನೀಸ್‌ನ ಪ್ಲಾಟೊ ದ ಬೇಯ್. 15.8 ಕಿ.ಮೀ., ಶೇ 7.9, ಅಂದರೆ 1248 ಮೀಟರ್ ಎತ್ತರ. ಸ್ಲೊವೇನಿಯಾದ ಸವಾರ ತಾದೇಯ್ ಪೊಗಾಚಾರ್ ಏರಿದ್ದು 39 ನಿಮಿಷ 50 ಸೆಕೆಂಡ್ ಆಸುಪಾಸಿನಲ್ಲಿ. 1998ರಲ್ಲಿ ಪಂತಾನಿ ಮಾಡಿದ್ದ ದಾಖಲೆಯ ಸಮಯಕ್ಕಿಂತ ಸುಮಾರು ಮೂರೂವರೆ ನಿಮಿಷ ಬೇಗ. ವಿಎಎಂ 1880, ಭಾಜಕ 279, ಸೂತ್ರದ ಉತ್ತರ 6.7.

ದೊಡ್ಡ ಲೆಕ್ಕ ಏನು ಹೇಳುತ್ತದೆ? ಮೈತೂಕ 65 ಕೆ.ಜಿ. ಎಂದು ಹಿಡಿಯೋಣ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರುವಂತಿಲ್ಲ. ಉಳಿದ ಸಾಮಾನು ಸೇರಿ ಒಟ್ಟು 74. ಎತ್ತುವ ಪಾಲು 379 ವ್ಯಾಟ್, ಟೈರಿನ ಪಾಲು 19, ಗಾಳಿಯ ಪಾಲು 48. ಚೈನಿನ ಸೋರಿಕೆ ಸೇರಿದರೆ 460 ವ್ಯಾಟ್, ಕೆ.ಜಿ.ಗೆ 7.1. ಆದರೆ ಅವತ್ತು ಅವನು ಬುಡದಿಂದ ಒಂಟಿಯಾಗಿ ಹತ್ತಲಿಲ್ಲ. ಮೊದಲು ಎದುರಾಳಿ ತಂಡದ ಮ್ಯಾಟಿಯೊ ಜೋರ್ಗೆನ್ಸನ್ ವೇಗ ಹಿಡಿದ, ಹತ್ತು ಹನ್ನೊಂದು ಕಿ.ಮೀ. ಉಳಿದಿರುವಾಗ ಯೋನಾಸ್ ವಿಂಗೆಗಾರ್ಡ್ ನುಗ್ಗಿದ, ಪೊಗಾಚಾರ್ ಅವನ ಹಿಂಬದಿ ಚಕ್ರಕ್ಕೆ ಅಂಟಿಕೊಂಡು ಬಂದು ಕೊನೆಯ ಐದಾರು ಕಿ.ಮೀ.ಯಲ್ಲಿ ಬಿಟ್ಟುಹೋದ. ಮೂರನೇ ಎರಡು ಭಾಗದಷ್ಟು ದೂರ ಗಾಳಿಯ ತಡೆ ಶೇ 30ರಷ್ಟು ಕಡಿಮೆಯಾಗಿತ್ತು ಎಂದುಕೊಂಡರೆ ಉತ್ತರ 6.9ಕ್ಕೆ ಇಳಿಯುತ್ತದೆ. ಹಾಗಾಗಿ ನಾನು ಬರೆದುಕೊಳ್ಳುವುದು ‘6.7ರಿಂದ 7.1’ ಎಂದು. 6.93 ಎಂದು ಎರಡು ದಶಾಂಶಗಳಲ್ಲಿ ಹೇಳುವವರು ಆ ಕಣಿವೆಯಲ್ಲಿ ಅವತ್ತು ಬೀಸಿದ ಗಾಳಿಯನ್ನು ಅಳೆದಿರಬೇಕು, ಇಲ್ಲವೇ ನಂದಿಯಲ್ಲಿ ಒಮ್ಮೆಯೂ ಅಂಕಿ ಕೆಡಿಸಿ ನೋಡಿರಲಾರರು.

ಎಂಟನೆಯದು: ನಿಜದೊಂದಿಗೆ ತಾಳೆ

ಅಂದಾಜನ್ನು ನಿಜವಾದ ಮೀಟರಿನೊಂದಿಗೆ ಬಹಿರಂಗವಾಗಿ ತಾಳೆ ನೋಡಲು ಸಿಕ್ಕ ಅಪರೂಪದ ಪ್ರಸಂಗ 2015ರದು. ಆ ಜುಲೈ 14ರಂದು ಲಾ ಪಿಯೆರ್ ಸಾಂ ಮಾರ್ತಾಂ ಏರಿನಲ್ಲಿ ಕ್ರಿಸ್ ಫ್ರೂಮ್ ಎಲ್ಲರನ್ನೂ ಹಿಂದೆ ಹಾಕಿದ. ಕೆಲವೇ ದಿನಗಳಲ್ಲಿ ಫ್ರೆಂಚ್ ಟಿವಿಯ ಕಾರ್ಯಕ್ರಮವೊಂದರಲ್ಲಿ ಕೆ.ಜಿ.ಗೆ 7.04 ವ್ಯಾಟ್ ಎಂಬ ಅಂದಾಜು ಬಂತು, ದೊಡ್ಡ ಗದ್ದಲವಾಯಿತು. ಅವನ ತಂಡವಾದ ಟೀಮ್ ಸ್ಕೈ ತನ್ನ ದಾಖಲೆಯನ್ನು ಹೊರಹಾಕಿತು: 41 ನಿಮಿಷ 28 ಸೆಕೆಂಡ್, ಸರಾಸರಿ 414 ವ್ಯಾಟ್, ತೂಕ 67.5 ಕೆ.ಜಿ. ಭಾಗಿಸಿದರೆ 6.13. ಅವನು ಬಳಸುತ್ತಿದ್ದ ಅಂಡಾಕಾರದ ಮುಂದಿನ ಹಲ್ಲುಚಕ್ರದಿಂದ ಮೀಟರು ಶೇ 6ರಷ್ಟು ಹೆಚ್ಚು ತೋರಿಸುತ್ತದೆ, ಆದ್ದರಿಂದ ನಿಜವಾದದ್ದು 5.78 ಎಂದೂ ತಂಡ ಹೇಳಿತು.

ನಮ್ಮ ಒಂದು ಸಾಲಿನ ಸೂತ್ರವನ್ನು ಹಾಕಿ ನೋಡಿ. ಅಧಿಕೃತ ಅಳತೆ 15.3 ಕಿ.ಮೀ., ಶೇ 7.4, ಎತ್ತರ 1132 ಮೀಟರ್. ವಿಎಎಂ 1638, ಭಾಜಕ 274, ಉತ್ತರ 5.98. ತಂಡದ ಎರಡು ಅಂಕಿಗಳ ನಡುವೆ ಬಂದು ಕುಳಿತಿತು. ಟಿವಿಯ 7.04 ಎಲ್ಲೋ ದೂರದಲ್ಲಿ ಉಳಿಯಿತು. ಎಚ್ಚರದಿಂದ ಮಾಡಿದ ಸರಳ ಲೆಕ್ಕದ ಮೇಲೆ ನನಗೆ ಭರವಸೆ ಬಂದದ್ದು ಈ ತಾಳೆಯಿಂದ. ಪವರ್ ಮೀಟರ್ ಹೇಳಿದ್ದೂ ಕಲ್ಲಿನ ಮೇಲೆ ಕೆತ್ತಿದ ಮಾತಲ್ಲ ಎಂದು ತಿಳಿದದ್ದೂ ಇದರಿಂದಲೇ.

ನಿಮ್ಮಲ್ಲಿ ಅಥವಾ ಗೆಳೆಯರಲ್ಲಿ ಪವರ್ ಮೀಟರ್ ಇದ್ದರೆ ನಂದಿಯಲ್ಲಿ ಇದೇ ತಾಳೆ ಮಾಡಿ. ಹತ್ತಿದವರು ಮೀಟರಿನ ಅಂಕಿ ಹೇಳುವ ಮೊದಲೇ ನಿಮ್ಮ ಉತ್ತರ ಬರೆದಿಡಿ. ಗಾಳಿಯಿಲ್ಲದ ದಿನಗಳಲ್ಲಿ ಎರಡೂ ಎಷ್ಟು ದೂರ ನಿಲ್ಲುತ್ತವೆ ಎಂದು ಗಮನಿಸಿ. ಆ ಅಂತರವೇ ನಿಮ್ಮ ಕೈಯ ತಪ್ಪಿನ ಅಳತೆ. ಟಿವಿಯ ಏರಿಗೆ ಹೋಗುವಾಗ ಕನಿಷ್ಠ ಅದರ ಎರಡು ಪಟ್ಟನ್ನು ಆಚೀಚೆ ಇಟ್ಟುಕೊಳ್ಳಿ, ಏಕೆಂದರೆ ಅಲ್ಲಿನ ಗಾಳಿ, ತೂಕ ಯಾವುದೂ ನಿಮ್ಮ ಕೈಯಲ್ಲಿರುವುದಿಲ್ಲ.

ಅಂಕಿಯಿಂದ ಏನು ಹೇಳಬಹುದು, ಏನು ಹೇಳಬಾರದು

ಎಲ್ಲರೂ ಕೇಳುವ ಪ್ರಶ್ನೆ: ಇಷ್ಟು ವ್ಯಾಟ್ ಹಾಕಿದವನು ಮದ್ದು ತೆಗೆದುಕೊಂಡಿರಬೇಕಲ್ಲವೇ? ಫ್ರಾನ್ಸಿನ ಆಂತ್ವಾನ್ ವಾಯೇ ಎಂಬ ಮಾಜಿ ತರಬೇತುದಾರ ಇದಕ್ಕೊಂದು ಅಳತೆಗೋಲು ಮಾಡಿದ. ಎಲ್ಲ ಸವಾರರನ್ನೂ ಸೈಕಲ್ ಸೇರಿ 78 ಕೆ.ಜಿ.ಯವರೆಂದು ಎಣಿಸಿ, 410 ವ್ಯಾಟ್ ದಾಟಿದರೆ ಅನುಮಾನ, 430 ದಾಟಿದರೆ ಪವಾಡ, 450 ದಾಟಿದರೆ ಮನುಷ್ಯಮಾತ್ರದವನಲ್ಲ ಎಂದು ವಿಂಗಡಿಸಿದ. ಸವಾರರನ್ನು ಒಂದೇ ತೂಕಕ್ಕೆ ತಂದು ಹೋಲಿಸುವ ಉಪಾಯ ಒಳ್ಳೆಯದು, ಬಳಸಿಕೊಳ್ಳಿ. ಗೆರೆ ಎಳೆದು ಆಚೆಯವನನ್ನು ಕಳ್ಳ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಅಂದಾಜಿನ ಆಚೀಚೆಯೇ ಆ ಗೆರೆಗಳ ನಡುವಣ ಅಂತರದಷ್ಟಿರುವಾಗ, ಒಬ್ಬನ ಬದುಕಿನ ದುಡಿಮೆಯ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. ಗೆರೆಯ ಈಚೆ ಇರುವವನು ಶುದ್ಧ ಎಂದೂ ಆಗುವುದಿಲ್ಲ. ಮದ್ದು ತೆಗೆದುಕೊಂಡ ದುರ್ಬಲ ಸವಾರ ಗೆರೆ ಮುಟ್ಟದೆಯೂ ಇರಬಹುದು.

ಹಳೆಯ ಕಾಲದೊಂದಿಗೆ ಹೋಲಿಸುವಾಗಲೂ ನಿಧಾನಿಸಿ. ಟೈರು, ಬಟ್ಟೆ, ಸೈಕಲ್ಲಿನ ಆಕಾರ ಎಲ್ಲ ಬದಲಾಗಿವೆ. ಇಂದಿನವರು ಗಂಟೆಗೆ 90ರಿಂದ 120 ಗ್ರಾಂ ಕಾರ್ಬೊಹೈಡ್ರೇಟ್ ತಿನ್ನುತ್ತಾ ಹತ್ತುತ್ತಾರೆ. ಪಂತಾನಿಯ 1998ರ ಮಾದರಿಗಳಲ್ಲಿ ಇಪಿಒ (ರಕ್ತದ ಕೆಂಪುಕಣ ಹೆಚ್ಚಿಸುವ ನಿಷೇಧಿತ ಮದ್ದು) ಇತ್ತು ಎಂದು 2013ರಲ್ಲಿ ಫ್ರೆಂಚ್ ಸೆನೆಟ್ ವರದಿ ತಿಳಿಸಿತು, ಅದೂ ನಿಜ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಒಂದು ಏರಿನ ಸಮಯ ಹೇಳಲಾರದು.

ಒಂದೇ ಏರಿನಲ್ಲಿ, ಒಂದೇ ದಿನ, ಒಂದೇ ಗಾಳಿಯಲ್ಲಿ ಹತ್ತಿದ ಇಬ್ಬರನ್ನು ಹೋಲಿಸುವುದು ಗಟ್ಟಿಯಾದ ಲೆಕ್ಕ, ಏಕೆಂದರೆ ತಪ್ಪು ಇಬ್ಬರಿಗೂ ಸಮನಾಗಿ ಬೀಳುತ್ತದೆ. ಬೇರೆ ಬೇರೆ ಏರುಗಳನ್ನು ಹೋಲಿಸುವಾಗ ಅವಧಿ ನೋಡಿ; 20 ನಿಮಿಷದ 6.5ಕ್ಕೂ 40 ನಿಮಿಷದ 6.5ಕ್ಕೂ ಬಹಳ ಅಂತರವಿದೆ. ಎತ್ತರ ನೋಡಿ: 2642 ಮೀಟರ್ ಎತ್ತರದ ಗಲಿಬಿಯೆ ಕಣಿವೆದಾರಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕವೇ ಕಡಿಮೆ, ಅಲ್ಲಿ ವ್ಯಾಟ್ ಇಳಿದರೆ ಸವಾರ ಸೋತನೆಂದಲ್ಲ. ಆ ದಿನ ಅದಕ್ಕೂ ಮೊದಲು ಎಷ್ಟು ಬೆಟ್ಟ ಹತ್ತಿದ್ದರು, ಅದು ಮೊದಲ ವಾರವೋ ಮೂರನೆಯದೋ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಹಾಗೆ ಬರೆದಿಡಲು ಒಂದು ನೋಟ್‌ಬುಕ್ ಸಾಕು. ಏರಿನ ಹೆಸರು, ಗಡಿಯಾರ ಒತ್ತಿದ ಎರಡು ಗುರುತುಗಳು, ಉದ್ದ, ಎತ್ತರ, ಸಮಯ, ಹಿಡಿದ ತೂಕ, ಗಾಳಿ ಹೇಗಿತ್ತು, ಯಾರ ಹಿಂದೆ ಎಷ್ಟು ದೂರ ಬಂದ, ಸೂತ್ರದ ಉತ್ತರ, ದೊಡ್ಡ ಲೆಕ್ಕದ ಉತ್ತರ, ಕೊನೆಯಲ್ಲಿ ‘ಇಷ್ಟರಿಂದ ಇಷ್ಟು’. ಗುರುತುಗಳನ್ನು ಬರೆಯದಿದ್ದರೆ ಮುಂದಿನ ವರ್ಷ ಅದೇ ಏರು ಬಂದಾಗ ಈ ವರ್ಷದ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ಮೊದಲ ಪುಟಗಳಿಗೆ ನಂದಿಯ ಅಳತೆಗಳನ್ನೇ ಹಾಕಿ. ಜುಲೈಗೆ ಮೊದಲು, ಗಾಳಿ ಏಳುವ ಮುಂಚಿನ ತಿಂಗಳುಗಳಲ್ಲಿ ಮುಗಿಸಿಕೊಂಡರೆ ಟೂರ್ ಶುರುವಾಗುವ ಹೊತ್ತಿಗೆ ನಿಮ್ಮ ಕೈ ಪಳಗಿರುತ್ತದೆ.